ತಂದೆಗಿಂತ ಎರಡು ವರ್ಷ ದೊಡ್ಡ ಮಗ

ಕಾರವಾರದ ಆ ಮುದ್ರಣಾಲಯದಲ್ಲಿ ಕೆಂಪು ಪೆನ್ನು ಹಿಡಿದವರನ್ನೆಲ್ಲ ಮಾಸ್ತರರು ಎಂದು ಕರೆಯುವ ರೂಢಿಯಿತ್ತು. ಒಂದು ದಿನವೂ ಪಾಠ ಹೇಳದ ನಾನೂ ಹಾಗೆ ಮಾಸ್ತರನಾದೆ. ಕರಡು ತಿದ್ದುವುದು ನನ್ನ ಕೆಲಸ. ಅದಕ್ಕೆ ಮೊದಲು ಅಂಕೋಲೆಯ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಅಸಲು ಕಾಗದದ ಜೊತೆ ನಕಲನ್ನು ತಾಳೆ ನೋಡಿ ನೋಡಿ ನನಗೆ ಒಂದು ಬುದ್ಧಿ ಗಟ್ಟಿಯಾಗಿ ಕೂತಿತ್ತು. ಒಂದೇ ವಿಷಯವನ್ನು ಎರಡು ಕಾಗದ ಎರಡು ಥರ ಹೇಳಿದರೆ ನಡುವೆ ಯಾರೋ ಕೈ ಆಡಿಸಿದ್ದಾರೆ. ಆ ಕೈ ಯಾರದು ಎಂದು ಹಿಡಿಯಬೇಕು. ಹೆಂಡತಿ ಇದಕ್ಕೆ ಅನುಮಾನದ ರೋಗ ಅನ್ನುತ್ತಿದ್ದಳು. ನಾನು ಕಸುಬು ಅನ್ನುತ್ತಿದ್ದೆ.

ಫ್ಲಾಪಿಗಳು ಹೋಗಿ ಸೀಡಿ ಬಂದಿದ್ದ ಕಾಲ. ಚೌತಿ ಕಳೆದು ವಾರವಾಗಿರಬೇಕು, ಎಪ್ಪತ್ತು ದಾಟಿದ ಪಾದ್ರಿಯೊಬ್ಬರು ಹನ್ನೊಂದು ಉದ್ದನೆಯ ನೋಟುಪುಸ್ತಕಗಳನ್ನು ಚೀಲದಲ್ಲಿ ಹೊತ್ತು ಮುದ್ರಣಾಲಯಕ್ಕೆ ಬಂದರು. ಎಲ್ಲೋ ದೂರದ ಊರಲ್ಲಿ ಪಾದ್ರಿಗಳಾಗುವವರಿಗೆ ಹೀಬ್ರೂ ಕಲಿಸಿ ನಿವೃತ್ತರಾಗಿ, ಈಗ ಇಗರ್ಜಿಯ ಹಿಂದಿನ ಸಣ್ಣ ಮನೆಯಲ್ಲಿದ್ದರು. ಮನೆಮಾತು ಕೊಂಕಣಿ, ಕನ್ನಡ ಅಚ್ಚುಕಟ್ಟು. ನಾವೆಲ್ಲ ಫಾದರ್ ಅನ್ನುತ್ತಿದ್ದೆವು.

ಅವರ ಪುಸ್ತಕ ವಿಚಿತ್ರವಾಗಿತ್ತು. ಹೀಬ್ರೂ ಶಾಸ್ತ್ರದಲ್ಲಿ ಅರಸರ ಚರಿತ್ರೆ ಎರಡು ಕಡೆ ಬರುತ್ತದಂತೆ, ಒಂದು ಮೊದಲು ಬರೆದದ್ದು, ಇನ್ನೊಂದು ಬಹಳ ಕಾಲದ ಮೇಲೆ ಬೇರೆಯವರು ಬರೆದದ್ದು. ಫಾದರ್ ಎರಡನ್ನೂ ಮೂಲದಿಂದ ನೇರ ಕನ್ನಡಕ್ಕೆ ತಂದು ಪುಟದ ಎಡಗಡೆ ಒಂದು, ಬಲಗಡೆ ಇನ್ನೊಂದು ಎಂದು ಸಾಲಿಗೆ ಸಾಲು ಜೋಡಿಸಿದ್ದರು. ಓದುವವರು ತಾವೇ ಹೋಲಿಸಿ ನೋಡಿಕೊಳ್ಳಲಿ ಎನ್ನುವುದು ಅವರ ಇರಾದೆ. ಮಾಲೀಕರ ಮೇಜಿನ ಎದುರು ಕೂತು ಅವರು ಹಾಕಿದ್ದು ಒಂದೇ ಕರಾರು: ತನ್ನನ್ನು ಕೇಳದೆ ಒಂದು ಅಕ್ಷರ, ಒಂದು ಅಂಕಿ ಆಚೆ ಈಚೆ ಆಗಬಾರದು. ಮಾಲೀಕರು ಆಗಲಿ ಅಂದರು. ನಾನೂ ತಲೆಯಾಡಿಸಿದೆ.

ಅಂಕಿ ಅಂದ ಕೂಡಲೇ ಮಾಲೀಕರು ಅಕ್ಷರ ಜೋಡಿಸುವ ಹೆಂಗಸಿನ ಕಡೆ ನೋಡಿದ್ದನ್ನು ನಾನು ಗಮನಿಸಿದೆ. ಆಕೆ ಕೋಡಿಬಾಗದವಳು, ಮೀನುಗಾರರ ಮನೆಯವಳು. ತಂದೆ ಇಲ್ಲ, ತಾಯಿಗೆ ಮೊಣಕಾಲು ನೋವು, ಮನೆ ನಡೆಯುವುದು ಆಕೆಯ ಈ ಒಂದು ಕೆಲಸದಿಂದ. ಹಿಂದಿನ ವರ್ಷ ನಮ್ಮಲ್ಲಿ ಅಚ್ಚಾದ ಪಂಚಾಂಗದಲ್ಲಿ ಒಂದು ತಿಂಗಳ ತಿಥಿಗಳು ಅದಲು ಬದಲಾಗಿ, ಕಟ್ಟುಗಟ್ಟಲೆ ಪ್ರತಿ ವಾಪಸು ಬಂದಿದ್ದವು. ಕೊಟ್ಟ ಬರಹದಲ್ಲೇ ಹಾಗಿತ್ತು ಎಂದು ಆಕೆ ಹೇಳಿದಳು. ಹುಡುಕಿದರೆ ಆ ಬರಹವೇ ಸಿಗಲಿಲ್ಲ. ಆಕೆಯ ಮಾತನ್ನು ಯಾರೂ ನಂಬಲಿಲ್ಲ, ನಾನಂತೂ ನಂಬಲೇ ಇಲ್ಲ. ಇನ್ನೊಮ್ಮೆ ಅಂಕಿ ತಪ್ಪಿದರೆ ನಿನಗೆ ಇಲ್ಲಿ ಜಾಗ ಇಲ್ಲ ಎಂದು ಮಾಲೀಕರು ಎಲ್ಲರ ಎದುರೇ ಹೇಳಿದ್ದರು. ಸಣ್ಣ ಊರು. ಇಲ್ಲಿಂದ ಹೀಗೆ ಹೊರಬಿದ್ದವಳನ್ನು ಇನ್ನೊಂದು ಅಂಗಡಿಯವರು ಒಳಗೆ ಕರೆಯುವುದಿಲ್ಲ.

ನಮ್ಮ ಕೆಲಸದ ಕ್ರಮ ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಆಕೆ ಕಂಪ್ಯೂಟರಿನಲ್ಲಿ ಜೋಡಿಸಿ ಕರಡು ತೆಗೆಯುತ್ತಾಳೆ. ಆಮೇಲೆ ಮೂಲ ಬರಹ ಹಿಡಿದು ಒಬ್ಬರು ಗಟ್ಟಿಯಾಗಿ ಓದಬೇಕು, ಎದುರು ಕೂತು ನಾನು ಕರಡಿನ ಮೇಲೆ ಕಣ್ಣಾಡಿಸುತ್ತ ತಪ್ಪಿಗೆ ಕೆಂಪು ಗುರುತು ಹಾಕಬೇಕು. ಓದಲಿಕ್ಕೆ ಬೇರೆಯವರನ್ನು ಇಡುವಷ್ಟು ಜನ ನಮ್ಮಲ್ಲಿರಲಿಲ್ಲ. ಜೋಡಿಸಿದವಳೇ ಓದುತ್ತಿದ್ದಳು. ತಿದ್ದಿದ ಕರಡಿಗೆ ನಾನು ಸಹಿ ಹಾಕಿದ ಮೇಲೆ ಪುಟಗಳು ಟ್ರೇಸಿಂಗ್ ಕಾಗದದ ಮೇಲೆ ಬಂದು, ಹದಿನಾರು ಹದಿನಾರರಂತೆ ಪ್ಲೇಟ್ ಆಗಿ ಅಚ್ಚಿಗೆ ಹೋಗುತ್ತವೆ. ಆ ಹದಿನಾರು ಪುಟಕ್ಕೆ ನಾವು ಒಂದು ಫಾರ್ಮು ಅನ್ನುತ್ತೇವೆ. ತಿದ್ದಿದ ಕರಡುಗಳನ್ನು ಗೋಡೆಯ ದೊಡ್ಡ ಮೊಳೆಗೆ ಚುಚ್ಚಿ, ಪುಸ್ತಕ ಪೂರ್ತಿ ಹೊರಬೀಳುವವರೆಗೆ ಇಡುತ್ತಿದ್ದೆವು.

ಈ ಕ್ರಮದಲ್ಲಿ ಒಂದು ಕಿಂಡಿ ಇದೆ ಎಂದು ನನಗೆ ಮೊದಲ ದಿನದಿಂದಲೂ ಅನಿಸುತ್ತಿತ್ತು. ಜೋಡಿಸುವಾಗ ತಪ್ಪಿದ್ದರೆ, ಓದುವಾಗ ಆಕೆ ಮೂಲದಲ್ಲಿದ್ದದ್ದನ್ನು ಬಿಟ್ಟು ತಾನು ಜೋಡಿಸಿದ್ದನ್ನೇ ಓದಿಬಿಡಬಹುದು. ನನ್ನ ಕಣ್ಣಿಗೆ ಕರಡು ಸರಿಯಾಗಿಯೇ ಕಾಣುತ್ತದೆ. ಆಕೆ ಹಾಗೆ ಮಾಡಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಕಾಣದಿದ್ದುದೇ ನನಗೆ ಇನ್ನಷ್ಟು ಸಂಶಯ.

ಒಂದನೇ ಫಾರ್ಮಿನಲ್ಲೇ ಶುರುವಾಯಿತು. ದಾವೀದ ಅರಸ ಯುದ್ಧದಲ್ಲಿ ಶತ್ರುವಿನ ರಥಿಕರನ್ನು ಕೊಂದ ಲೆಕ್ಕ. ಎಡಗಡೆ ಏಳು ನೂರು. ಬಲಗಡೆ ಅದೇ ಯುದ್ಧ, ಅದೇ ಶತ್ರು, ಏಳು ಸಾವಿರ. ಫಾದರ್ ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದರು, ಕರಡಿನಲ್ಲೂ ೭೦೦, ೭೦೦೦ ಎಂದು ಅಕ್ಕಪಕ್ಕ ಕೂತಿದ್ದವು. ಸೊನ್ನೆ ಹೆಚ್ಚು ಒತ್ತಿದ್ದಾಳೆ ಅಂದುಕೊಂಡೆ. ಮತ್ತೆ ಓದು ಅಂದೆ. ಏಳು ಸಾವಿರ ಎಂದೇ ಓದಿದಳು. ಮುಖ ನೋಡಿದೆ, ಮುಖದಲ್ಲಿ ಏನೂ ಇರಲಿಲ್ಲ. ಎದ್ದು ಹೋಗಿ ನೋಟುಪುಸ್ತಕ ನೋಡಿದ್ದರೆ ನಾಲ್ಕು ಹೆಜ್ಜೆಯ ಕೆಲಸ. ನಾನು ಏಳಲಿಲ್ಲ. ಕೆಂಪು ಪೆನ್ನಿನಿಂದ ಒಂದು ಸೊನ್ನೆ ಹೊಡೆದು ಹಾಕಿದೆ.

“ಮೂಲದಲ್ಲಿ ಸಾವಿರನೇ ಅದೆ, ಮಾಸ್ತರ್ರೆ,” ಅಂದಳು.

ಹೇಳಿದಷ್ಟು ಹಾಕು ಅಂದೆ. ಹಾಕಿದಳು. ಸಹಿ ಮಾಡಿದೆ, ಫಾರ್ಮು ಅಚ್ಚಿಗೆ ಹೋಯಿತು.

ಆಮೇಲೆ ಮುಂದೆ ಹೋದ ಹಾಗೆ ಇಂಥವು ಒಂದರ ಹಿಂದೆ ಒಂದು ಬರತೊಡಗಿದವು. ದೈತ್ಯನೊಬ್ಬನನ್ನು ದಾವೀದ ಹುಡುಗನಾಗಿದ್ದಾಗಲೇ ಕವಣೆ ಬೀಸಿ ಕೊಂದಿದ್ದ, ಆ ಕಥೆ ನನಗೂ ಗೊತ್ತು. ಕೆಲವು ಪುಟ ಬಿಟ್ಟು ನೋಡಿದರೆ ಎಡಗಡೆ ಅದೇ ದೈತ್ಯನನ್ನು ಬೇರೆ ಒಬ್ಬ ಕೊಂದ ಎಂದಿದೆ. ಬಲಗಡೆ ಆ ಬೇರೆಯವನು ಕೊಂದದ್ದು ದೈತ್ಯನ ತಮ್ಮನನ್ನು. ಇನ್ನೊಂದು ಕಡೆ ಅರಸ ಜನಗಣತಿ ಮಾಡಿಸಿ ದೇವರ ಸಿಟ್ಟಿಗೆ ಗುರಿಯಾಗುತ್ತಾನೆ. ಗಣತಿ ಮಾಡು ಎಂದು ಅವನ ಮನಸ್ಸು ಕೆದಕಿದವರು ಯಾರು? ಎಡಗಡೆ ದೇವರೇ. ಬಲಗಡೆ ಸೈತಾನ. ಒಂದೇ ಅಪರಾಧಕ್ಕೆ ಇಬ್ಬರು ಆರೋಪಿಗಳು, ಅದೂ ಇಂಥ ಇಬ್ಬರು! ಕುದುರೆ ಲಾಯ ಎಡಗಡೆ ನಲವತ್ತು ಸಾವಿರ, ಬಲಗಡೆ ನಾಲ್ಕು ಸಾವಿರ. ದೇವಾಲಯದ ಕಂಚಿನ ತೊಟ್ಟಿಗೆ ಎಡಗಡೆ ಎರಡು ಸಾವಿರ ಅಳತೆ ನೀರು, ಬಲಗಡೆ ಮೂರು ಸಾವಿರ.

ಕಥೆಯ ವ್ಯತ್ಯಾಸ ಆಕೆ ಮಾಡಿದ್ದಲ್ಲ ಎನ್ನುವುದು ನನಗೂ ತಿಳಿಯುತ್ತಿತ್ತು. ಅಂಥವನ್ನು ಫಾದರ್ ಮೇಲೆ ಹಾಕಿದೆ. ಮುದುಕರು, ಕೈ ತಪ್ಪಿರಬಹುದು, ಅಥವಾ ಬೇಕೆಂದೇ ಏನೋ ಸೇರಿಸುತ್ತಿರಬಹುದು. ಅಂಕಿಯದನ್ನು ಆಕೆಯ ಮೇಲೆ ಹಾಕಿದೆ. ತಿದ್ದದೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತ, ಬೇರೆ ಒಂದು ಕಾಗದದಲ್ಲಿ ಪಟ್ಟಿ ಮಾಡಿಕೊಳ್ಳುತ್ತ ಹೋದೆ. ಕಳ್ಳ ಸಿಗುವ ಮೊದಲು ಕಳ್ಳತನದ ಲೆಕ್ಕ ಇರಲಿ ಅಂತ.

ಸಿಕ್ಕಿದ್ದು ಒಂದು ಗುರುವಾರ. ಯೆಹೂದದ ಅರಸ ಅಹಜ್ಯ ಪಟ್ಟಕ್ಕೆ ಬಂದ ಸಂದರ್ಭ. ಎಡಗಡೆ ಅವನಿಗೆ ಇಪ್ಪತ್ತೆರಡು ವರ್ಷ. ಬಲಗಡೆ ನಲವತ್ತೆರಡು. ಹಿಂದಿನ ಪುಟ ತೆಗೆದು ಅವನ ತಂದೆಯದನ್ನು ನೋಡಿದೆ. ತಂದೆ ಮೂವತ್ತೆರಡಕ್ಕೆ ಪಟ್ಟಕ್ಕೆ ಬಂದವನು, ಎಂಟು ವರ್ಷ ಆಳಿ ಸತ್ತವನು. ಕರಡಿನ ಹಿಂಬದಿಯಲ್ಲಿ ಕೂಡಿಸಿದೆ. ಸಾಯುವಾಗ ತಂದೆಗೆ ನಲವತ್ತು, ಕೂಡಲೇ ಪಟ್ಟಕ್ಕೆ ಬಂದ ಮಗನಿಗೆ ನಲವತ್ತೆರಡು. ಮಗ ತಂದೆಗಿಂತ ಎರಡು ವರ್ಷ ದೊಡ್ಡವನು! ನಕ್ಕೆ. ಆಕೆಯೂ ನಕ್ಕಿದ್ದರೆ ಬಹುಶಃ ಮುಂದಿನದು ಆಗುತ್ತಿರಲಿಲ್ಲ. ಆಕೆ ನಗಲಿಲ್ಲ. “ಹಾಗೇ ಅದೆ,” ಅಂದಳು.

ಮಧ್ಯಾಹ್ನ ಆಕೆ ಊಟಕ್ಕೆ ಎದ್ದಾಗ ನಾನು ನೋಟುಪುಸ್ತಕ ಎಳೆದುಕೊಂಡೆ. ಪುಟ ಹುಡುಕಿದೆ. ಫಾದರ್ ಇಡೀ ಪುಸ್ತಕ ನೀಲಿ ಶಾಯಿಯಲ್ಲಿ ಬರೆದಿದ್ದರು. ಅಲ್ಲಿ ನೀಲಿಯಲ್ಲಿ ೨೨ ಎಂದು ಇತ್ತು, ಅದರ ಮೇಲೆ ಒಂದು ಗೆರೆ, ಗೆರೆಯ ಮೇಲೆ ಕಪ್ಪು ಪೆನ್ನಿನಲ್ಲಿ ೪೨. ಆಕೆಯ ಮೇಜಿನ ಮೇಲೆ ಡಬ್ಬಿಯಲ್ಲಿದ್ದದ್ದೂ ಕಪ್ಪು ಪೆನ್ನೇ. ತಪ್ಪು ಜೋಡಿಸಿ, ಕಂಡುಹಿಡಿದಾರು ಎಂದು ಮೂಲವನ್ನೇ ತಿದ್ದಿದ್ದಾಳೆ. ಪಂಚಾಂಗದ ಬರಹ ಯಾಕೆ ಕಾಣೆಯಾಯಿತು ಎನ್ನುವುದೂ ಈಗ ಸ್ಪಷ್ಟವಾಯಿತು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಸಂತೋಷವಾಯಿತು. ಇಷ್ಟು ದಿನದ ಅನುಮಾನಕ್ಕೆ ಒಂದು ಕಾಗದ ಸಿಕ್ಕಿತ್ತು.

ಪಟ್ಟಿ ಮತ್ತು ನೋಟುಪುಸ್ತಕ ಎರಡನ್ನೂ ಮಾಲೀಕರ ಮುಂದಿಟ್ಟೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಆಕೆಯನ್ನು ಕರೆಸಿದರು. ಕಪ್ಪು ಶಾಯಿ ಯಾರದು ಎಂದು ಕೇಳಿದರು. ಬಂದಾಗಲೇ ಹಾಗಿತ್ತು ಅಂದಳು. ಪಂಚಾಂಗದಲ್ಲೂ ಬಂದಾಗಲೇ ಹಾಗಿತ್ತು ಅಲ್ಲವೇ, ಎಂದರು ಮಾಲೀಕರು. ಆಕೆ ಮಾಲೀಕರನ್ನು ಬಿಟ್ಟು ನನ್ನನ್ನು ನೋಡಿದಳು. ನಾಳೆಯಿಂದ ಬರಬೇಡ, ಫಾದರನ್ನು ಕೇಳಿ ಸೋಮವಾರ ಹೇಳಿ ಕಳುಹಿಸುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡ ಎಂದು ಮಾಲೀಕರು ಹೇಳಿದರು. ಆಕೆ ಊಟದ ಡಬ್ಬಿ, ಕೊಡೆ ತೆಗೆದುಕೊಂಡು ಹೋದಳು. ಕಂಪ್ಯೂಟರ್ ಮುಚ್ಚಿರಲಿಲ್ಲ, ನಾನೇ ಮುಚ್ಚಿದೆ.

ಸಾಯಂಕಾಲ ಹಟ್ಟಿಕೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಗೆದ್ದವನ ಹಾಗೆ ಕೂತಿದ್ದೆ. ಬಿಣಗಾ ಘಾಟು ಹತ್ತುವಾಗ ಹಾಳು ಯೋಚನೆಯೊಂದು ಬಂತು. ತಪ್ಪು ಮುಚ್ಚಲು ಕಾಗದ ತಿದ್ದುವವರು ಹೇಗೆ ತಿದ್ದುತ್ತಾರೆ? ಎರಡು ಕಾಗದವೂ ಒಂದೇ ಹೇಳುವ ಹಾಗೆ ತಿದ್ದುತ್ತಾರೆ. ನೀಲಿಯಲ್ಲಿ ಇಪ್ಪತ್ತೆರಡೇ ಇತ್ತು, ಎಡಗಡೆಗೆ ಸರಿಯಾಗಿ ಹೊಂದುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದನ್ನು ಹೊಡೆದು, ಮಗನನ್ನು ತಂದೆಗಿಂತ ದೊಡ್ಡವನನ್ನಾಗಿ ಮಾಡಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ತಿದ್ದುವ ಕಳ್ಳ ಎಲ್ಲಿದ್ದಾನೆ? ಆಕೆ ತಪ್ಪಾಗಿ ನಲವತ್ತೆರಡು ಜೋಡಿಸಿದ್ದರೆ, ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಿದರೆ ಮುಗಿಯುತ್ತಿತ್ತು. ನೋಟುಪುಸ್ತಕ ಮುಟ್ಟುವ ದರ್ದೇನು?

ನಮ್ಮ ವಕೀಲರ ಮಾತೂ ನೆನಪಾಯಿತು. ಎದುರು ಪಕ್ಷದ ಇಬ್ಬರು ಸಾಕ್ಷಿಗಳು ಒಂದೇ ವಾಕ್ಯವನ್ನು ಅದೇ ಮಾತಿನಲ್ಲಿ ಹೇಳಿದರೆ ಅವರು ಖುಷಿಯಾಗಿ ಕುರ್ಚಿ ಸರಿಸುತ್ತಿದ್ದರು. ಇಬ್ಬರಿಗೂ ಒಬ್ಬನೇ ಹೇಳಿಕೊಟ್ಟಿದ್ದಾನೆ ಎನ್ನುವುದು ಅವರ ಲೆಕ್ಕ. ನಿಜ ಕಂಡವರ ಮಾತು ಅಲ್ಲಿ ಇಲ್ಲಿ ಜಗಳ ಆಡುತ್ತದೆ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಅವರ ಹಿಂದೆ ಕಡತ ಹೊತ್ತು ತಿರುಗಿದ ನಾನು ಇದರ ಅರ್ಧವನ್ನಷ್ಟೇ ಕಲಿತು ಬಂದಿದ್ದೆ.

ಮರುದಿನ ಬೆಳಿಗ್ಗೆ ಮಾಲೀಕರೇ ನನ್ನನ್ನು ಫಾದರ್ ಮನೆಗೆ ಕಳುಹಿಸಿದರು. ನೋಟುಪುಸ್ತಕದ ಜೊತೆ, ಅಚ್ಚಾಗಿ ಒಣಗಿದ್ದ ಒಂದನೇ ಫಾರ್ಮಿನ ಹಾಳೆಯೊಂದನ್ನೂ ತೋರಿಸಿ ಬನ್ನಿ ಎಂದು ಕೊಟ್ಟರು. ಫಾದರ್ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ನಾನು ಕಪ್ಪು ಶಾಯಿಯ ಅಂಕಿ ತೋರಿಸಿದೆ.

“ನಾನೇ,” ಅಂದರು. ಅಷ್ಟೇ. ನಾನು ಇನ್ನೂ ಕೇಳುವ ಮೊದಲೇ ನಾಚಿಕೆಪಟ್ಟು ನಕ್ಕರು. ಅನುವಾದ ಮಾಡುವಾಗ ಹೀಬ್ರೂ ಮೂಲದಲ್ಲಿ ನಲವತ್ತೆರಡು ಎಂದು ಕಣ್ಣಿಗೆ ಕಂಡರೂ, ಎಡಗಡೆಯದು ತಲೆಯಲ್ಲಿದ್ದುದರಿಂದ ಕೈ ತನ್ನಷ್ಟಕ್ಕೆ ಇಪ್ಪತ್ತೆರಡು ಬರೆದುಬಿಟ್ಟಿತ್ತಂತೆ. ತಿಂಗಳ ಮೇಲೆ ಮೂಲದ ಜೊತೆ ತಾಳೆ ನೋಡುವಾಗ ಸಿಕ್ಕಿತು, ನೀಲಿ ಪೆನ್ನು ಹತ್ತಿರ ಇರಲಿಲ್ಲ, ಕಪ್ಪಿನಲ್ಲಿ ತಿದ್ದಿದರು.

ಹಾಗಾದರೆ ಮಗ ತಂದೆಗಿಂತ ದೊಡ್ಡವನು ಎಂದು ಹಾಗೇ ಅಚ್ಚು ಮಾಡುವುದೇ ಎಂದು ಕೇಳಿದೆ. ಫಾದರ್ ಸಾವಕಾಶ ಹೇಳಿದರು. ಹಳೆಯ ಕೆಲವು ಅನುವಾದಕಾರರು ಇಪ್ಪತ್ತೆರಡು ಎಂದೇ ಬರೆದಿದ್ದಾರೆ. ಅಕ್ಷರಗಳನ್ನೇ ಅಂಕಿಯಾಗಿ ಬಳಸುತ್ತಿದ್ದ ಕಾಲದಲ್ಲಿ ಇಪ್ಪತ್ತರ ಅಕ್ಷರವೂ ನಲವತ್ತರ ಅಕ್ಷರವೂ ನೋಡಲು ಹತ್ತಿರ ಹತ್ತಿರ ಇದ್ದವು, ನಕಲು ಮಾಡುವವನ ಕಣ್ಣು ತಪ್ಪಿರಬಹುದು ಎಂದು ಹೇಳುವವರಿದ್ದಾರೆ. ಅದು ಮಗನ ವಯಸ್ಸಲ್ಲ, ವಂಶದ ವಯಸ್ಸು ಎನ್ನುವವರೂ ಇದ್ದಾರೆ. ಹೀಬ್ರೂವಿನಲ್ಲಿ ಕೈಬರಹದ ನಕಲು ಮಾಡುತ್ತಿದ್ದವರು ಅಕ್ಷರಗಳನ್ನು ಎಣಿಸಿ ಇಡುವಷ್ಟು ಕಟ್ಟುನಿಟ್ಟಿನವರು. ಎಷ್ಟೋ ಕಡೆ, ಬರೆದದ್ದು ಸರಿ ಇಲ್ಲ ಅನಿಸಿದರೆ, ಬರೆದದ್ದನ್ನು ಮುಟ್ಟದೆ ಬದಿಯಲ್ಲಿ ಸಣ್ಣದಾಗಿ ‘ಓದುವುದು ಹೀಗೆ’ ಎಂದು ಬರೆದಿಟ್ಟರು. ತಪ್ಪೂ ಉಳಿಯಿತು, ತಿದ್ದುಪಡಿಯೂ ಉಳಿಯಿತು.

“ನಿಮಗೆ ಏನನಿಸ್ತದೆ ಫಾದರ್?” ಎಂದೆ.

“ನಂಗೆ ಗೊತ್ತಿಲ್ಲ, ಮಾಸ್ತರ್. ಗೊತ್ತಿಲ್ಲ ಅಂದ್ಮೇಲೆ ತಿದ್ದೂಕೆ ನಾ ಯಾರು?”

ನಾನು ಎದ್ದು ಹೊರಡುವ ಹೊತ್ತಿಗೆ ಅವರು ಒಂದನೇ ಫಾರ್ಮಿನ ಹಾಳೆ ಬಿಡಿಸಿದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಒಂದು ಕಡೆ ನಿಂತಿತು. ಎಡಗಡೆ ೭೦೦, ಬಲಗಡೆ ೭೦೦. ಅವರ ಮುಖ ಬಿಗಿಯಿತು. ಇದು ಯಾರು ಮಾಡಿದ್ದು ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದೆ. ಹೌದು, ಹಾಗೆಯೇ ಹೇಳಿದೆ. ವಿಚಾರಿಸಿ ಹೇಳುತ್ತೇನೆ!

ಮುದ್ರಣಾಲಯಕ್ಕೆ ಬಂದಾಗ ಮಾಲೀಕರು ಊಟಕ್ಕೆ ಹೋಗಿದ್ದರು. ನೇರ ಮೊಳೆಯ ಹತ್ತಿರ ಹೋದೆ. ಒಂದನೇ ಫಾರ್ಮಿನ ಕರಡು ಅಡಿಯಲ್ಲಿತ್ತು, ಮೇಲಿನದೆಲ್ಲ ಕಳಚಿ ತೆಗೆದೆ. ೭೦೦೦, ಕೊನೆಯ ಸೊನ್ನೆಯ ಮೇಲೆ ನನ್ನ ಕೆಂಪು ಗೆರೆ, ಕೆಳಗೆ ನನ್ನ ಸಹಿ. ಮತ್ತು ಬದಿಯಲ್ಲಿ, ಗಮನಿಸದಿದ್ದರೆ ಕಾಣದಷ್ಟು ತೆಳುವಾಗಿ, ಪೆನ್ಸಿಲಿನಲ್ಲಿ: ‘ಮೂಲದಲ್ಲಿ ೭೦೦೦. ಮಾಸ್ತರರು ಹೇಳಿದ್ದರಿಂದ ಬದಲಿಸಿದ್ದು.’ ಆಕೆಯ ಕೈಬರಹ. ನೋಟುಪುಸ್ತಕ ತೆಗೆದು ನೋಡಿದೆ. ಮೂಲದಲ್ಲಿ ಏಳು ಸಾವಿರವೇ, ನೀಲಿಯಲ್ಲಿ, ಒಂದು ಗೀಚೂ ಇಲ್ಲದೆ.

ಇಡೀ ಪುಸ್ತಕದಲ್ಲಿ ಮೂಲಕ್ಕೆ ಕೈ ಹಾಕಿದವನು ನಾನೊಬ್ಬನೇ.

ಮುಂದೆ ಮಾಡಿದ್ದನ್ನು ಬರೆಯಲು ಈಗಲೂ ಮನಸ್ಸಾಗುವುದಿಲ್ಲ. ಆ ಕರಡನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡೆ. ಉಳಿದವನ್ನು ಮೊದಲಿನ ಹಾಗೆ ಚುಚ್ಚಿದೆ. ಮಾಲೀಕರು ಬಂದು ಕೇಳಿದಾಗ ಫಾದರ್ ಸಿಕ್ಕಿದರು, ಮಾತಾಡಿದ್ದಾರೆ, ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ. ಕರಡು ಇಲ್ಲದಿದ್ದರೆ ಸೊನ್ನೆ ಆಕೆಯ ಕೈಯಲ್ಲಿ ಬಿಟ್ಟುಹೋಯಿತು ಎಂದಾಗುತ್ತದೆ. ಹೇಗೂ ಆಕೆ ಹೊರಗೆ ಹೋಗಿಯಾಗಿದೆ. ಈ ಲೆಕ್ಕ ನನ್ನ ತಲೆ ಹಾಕಿತು, ನಾನು ತಡೆಯಲಿಲ್ಲ. ಮನೆಯಲ್ಲಿ ಚೀಲವನ್ನು ಗೂಟಕ್ಕೆ ಹಾಕಿದೆ. ಹೆಂಡತಿ ಅದನ್ನು ಮುಟ್ಟಿದಾಗಲೆಲ್ಲ ಗದರಿದೆ. ಏನಿದೆ ಅದರಲ್ಲಿ ಎಂದು ಅವಳು ಕೇಳಿಯೇಬಿಟ್ಟಳು. ನನ್ನ ಅನುಮಾನ ಅವಳಿಗೆ ಹತ್ತಿತೇನೋ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಕಾರವಾರದ ನಿಲ್ದಾಣದಲ್ಲಿ ಇಳಿದು, ಮುದ್ರಣಾಲಯದ ದಾರಿ ಬಿಟ್ಟು, ಸದಾಶಿವಗಡದ ಕಡೆ ಹೋಗುವ ಬಸ್ಸು ಹತ್ತಿದೆ. ದೊಡ್ಡ ತೀರ್ಮಾನ ಮಾಡಿ ಹತ್ತಿದ್ದೇನಲ್ಲ. ಮಾಲೀಕರ ಮುಂದೆ ಹೋಗಿ ನಿಂತರೆ ಬಾಯಿಂದ ಸುಳ್ಳೇ ಬರುತ್ತದೆ ಎಂದು ಗೊತ್ತಿತ್ತು. ಮೊದಲು ಆಕೆಯ ಮುಖ ನೋಡಿದರೆ ಬರಲಿಕ್ಕಿಲ್ಲ ಅನಿಸಿತು.

ಕೋಡಿಬಾಗದಲ್ಲಿ ಇಳಿದು ಎರಡು ಕಡೆ ಕೇಳಿ ಮನೆ ಹಿಡಿದೆ. ಕಾಳಿ ನದಿಗೆ ಹತ್ತಿರದ ಹಂಚಿನ ಮನೆ. ಅಂಗಳದಲ್ಲಿ ಚಾಪೆಯ ಮೇಲೆ ಒಣ ಸಿಗಡಿ ಹರಡಿ ತಾಯಿ ಮಗಳು ಕಸ ಆರಿಸುತ್ತಿದ್ದರು. ತಾಯಿ ನನ್ನನ್ನು ಕಂಡು, ನಡೆದದ್ದು ಏನೂ ಗೊತ್ತಿಲ್ಲದವರ ಹಾಗೆ “ಬಸಾ, ಮಾಸ್ತರ್” ಎಂದು ಮಣೆ ಸರಿಸಿದರು. ಮಗಳು ಏಳಲಿಲ್ಲ. ನಾನು ಮಣೆಯ ಮೇಲೆ ಕೂತು ಚೀಲದಿಂದ ಕರಡು ತೆಗೆದು ಬಿಡಿಸಿದೆ. ಫಾದರ್ ಹೇಳಿದ್ದನ್ನೆಲ್ಲ ಹೇಳಿದೆ. ಆಕೆ ಸಿಗಡಿ ಆರಿಸುತ್ತಲೇ ಕೇಳಿದಳು.

ಈ ಪೆನ್ಸಿಲು ಯಾಕೆ ಬರೆದೆ ಎಂದು ಕೇಳಿದೆ.

“ನಿಮ್ಮ ಮೇಲೆ ಚಾಡಿ ಹೇಳೂಕಲ್ಲ. ಪಂಚಾಂಗದ ಟೈಮಿಗೆ ನಂಗೆ ಬರೆದಿಡೂದು ತಿಳೀಲಿಲ್ಲ. ಅದ್ರ ಮೇಲೆ ಎಲ್ಲ ಬರೆದಿಡ್ತೆ.”

“ಗುರುವಾರ ಮಾಲೀಕರ ಎದುರು ಇದನ್ನ ಎಂತಕ್ಕೆ ತೋರಿಸ್ಲಿಲ್ಲ?”

ಆಗ ತಲೆ ಎತ್ತಿದಳು. “ತೋರ್ಸಿದ್ರೆ ಅದನ್ನೂ ಈಗಷ್ಟೇ ಬರೆದದ್ದು ಅಂತಿದ್ರಿ ನೀವು.”

ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಪೆನ್ಸಿಲಿನ ಗುರುತು ಹೊಸದೋ ಹಳೆಯದೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ತಪ್ಪಾಯಿತು ಎಂದು ಹೇಳಲು ಬಂದವನು, ಆ ಮಾತು ಹೇಳಿದ್ದು ನೆಲ ನೋಡಿಕೊಂಡು. ಆಕೆ ಮತ್ತೆ ಸಿಗಡಿಗೆ ಕೈ ಹಾಕಿದಳು. ತಾಯಿ ಚಹಾ ಕೊಟ್ಟರು. ಕುಡಿದು ಎದ್ದೆ.

ಹತ್ತೂವರೆಗೆ ಮಾಲೀಕರ ಮುಂದೆ ಕರಡು ಬಿಚ್ಚಿಟ್ಟೆ. ಕಪ್ಪು ಶಾಯಿ ಫಾದರದ್ದು, ಸೊನ್ನೆ ಹೊಡೆದದ್ದು ನಾನು, ಮೂಲ ನೋಡದೆ ಹೊಡೆದೆ, ಮೂಲದಲ್ಲಿ ಸಾವಿರವೇ ಇದೆ ಎಂದು ಆಕೆ ಹೇಳಿದ್ದಳು. ಎಲ್ಲ ಹೇಳಿದೆ. ಮಾಲೀಕರು ಕರಡನ್ನು ಹತ್ತಿರಕ್ಕೆ ಎಳೆದುಕೊಂಡರು. ನಾಲ್ಕು ಮಡಿಕೆಯ ಗೆರೆಗಳ ಮೇಲೆ ಬೆರಳಾಡಿಸಿದರು. ಮೊಳೆಯಲ್ಲಿ ಇರಬೇಕಾದ ಕಾಗದ ನನ್ನ ಚೀಲದಲ್ಲಿ ಹೇಗೆ ಬಂತು ಎಂದು ಕೇಳಿದರು. ಆಮೇಲೆ ಕೇಳಿದ್ದು ನಾನು ನಿರೀಕ್ಷಿಸಿರದ್ದು.

“ಅವಳನ್ನ ಉಳಿಸೂಕೆ ಮನೇಲಿ ಕೂತು ಈ ಕಾಗದ ತಯಾರು ಮಾಡ್ಕೊಂಡು ಬಂದ್ರಾ ಹೆಂಗೆ, ಮಾಸ್ತರ್ರೆ?”

ನನ್ನದೇ ಮಾತು, ನನ್ನದೇ ಧಾಟಿ, ಅವರ ಬಾಯಲ್ಲಿ. ನಿಜ ಹೇಳುತ್ತಿರುವಾಗ ನಂಬದಿದ್ದರೆ ಮೈ ಹೇಗೆ ಉರಿಯುತ್ತದೆ ಎಂದು ನನಗೆ ಆವತ್ತು ತಿಳಿಯಿತು. ಕರಡನ್ನು ಬಚ್ಚಿಡಲೆಂದೇ ಒಯ್ದಿದ್ದೆ ಎಂದು ಹೇಳಬೇಕಾಯಿತು. ಬೇರೆ ದಾರಿ ಇರಲಿಲ್ಲ. ಫಾರ್ಮು ಅಚ್ಚು ಮಾಡಿದ ಯಂತ್ರದವನನ್ನು ಕರೆಸಿ ಕೇಳಿದರು. ಪ್ಲೇಟಿಗೆ ಹೋಗುವ ದಿನ ಕರಡು ನೋಡಿದ್ದೆ, ಪೆನ್ಸಿಲಿನ ಗುರುತು ಆಗಲೇ ಇತ್ತು ಎಂದು ಅವನು ಹೇಳಿದ ಮೇಲೆ ಮಾಲೀಕರು ನಂಬಿದರು. ನನ್ನ ಬಾಯಿ ಆಗ ನಿಲ್ಲಲಿಲ್ಲ. ಪಂಚಾಂಗದ ಮೂಲವನ್ನೂ ನಾನು ಕಣ್ಣಿಂದ ನೋಡಿರಲಿಲ್ಲ, ಆಕೆ ಓದಿದ್ದಕ್ಕೆ ಸಹಿ ಹಾಕಿದ್ದೆ, ಬರಹ ಕಾಣೆಯಾದಾಗ ಸುಮ್ಮನೆ ಇದ್ದೆ ಎಂದೂ ಹೇಳಿಬಿಟ್ಟೆ.

ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಂದನೇ ಫಾರ್ಮು ಮತ್ತೆ ಅಚ್ಚಾಗಬೇಕು, ಫಾದರಿಗೆ ನೀವೇ ಹೋಗಿ ಹೇಳಬೇಕು ಅಂದರು. ಆಮೇಲೆ ಕನ್ನಡಕ ತೆಗೆದು ಇನ್ನೊಂದು ಮಾತು ಹೇಳಿದರು. ಸೋಮವಾರ ಬರಲು ಆಕೆಗೆ ಹೇಳಿ ಕಳುಹಿಸುತ್ತೇನೆ, ನೀವೂ ಇರಿ. ನಿಮ್ಮ ಜೊತೆ ಕೂರುವುದಿಲ್ಲ ಎಂದು ಆಕೆ ಹೇಳಿದರೆ, ನಾನು ಬೇರೆ ಕರಡಿನವರನ್ನು ಹುಡುಕುತ್ತೇನೆ.

ಫಾದರ್ ಹತ್ತಿರ ಹೋಗುವುದು ಅದಕ್ಕಿಂತ ಸುಲಭವಾಗಿತ್ತು. ವಿಚಾರಿಸಿದೆ, ನಾನೇ, ಎಂದೆ. ಅವರು ನನ್ನನ್ನು ನೋಡಿ, ಆ ಸೊನ್ನೆ ನನಗೂ ಹತ್ತು ಸಲ ಹೊಡೆಯಬೇಕು ಅನಿಸಿತ್ತು ಎಂದರು. ಅವರು ಸಮಾಧಾನಕ್ಕೆ ಹೇಳಿದರೋ ನಿಜವೋ ನನಗೆ ಗೊತ್ತಾಗಲಿಲ್ಲ, ಕೇಳಲೂ ಹೋಗಲಿಲ್ಲ.

ಸೋಮವಾರ ಒಂಬತ್ತೂವರೆಗೆ ಆಕೆ ಬಂದಳು. ಮಾಲೀಕರು ಕರೆದು ಮಾತಾಡಿದರು, ಕೆಲಸ ಮೊದಲಿನ ಹಾಗೇ ಎಂದರು. ಪಂಚಾಂಗದ ಮಾತೂ ಎತ್ತಿ, ಅದು ನಿನ್ನ ಮೇಲೆ ಬಂದದ್ದು ತಪ್ಪು ಎಂದರು. ಇಷ್ಟು ಅವರು ಎಲ್ಲರ ಎದುರು ಹೇಳಿದ್ದು ನನಗೆ ಸಮಾಧಾನ. ಮಾಸ್ತರರ ಜೊತೆ ಕೂರುತ್ತೀಯಾ ಎಂದು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, ಕೂರುತ್ತೇನೆ, ಆದರೆ ಕರಡು ಇನ್ನು ನಾನು ನೋಡುತ್ತೇನೆ, ಮೂಲ ಅವರು ಓದಲಿ, ಸಹಿ ಇಬ್ಬರದೂ ಬೀಳಲಿ ಎಂದಳು. ಮಾಲೀಕರು ನನ್ನನ್ನು ಕೇಳಲಿಲ್ಲ. ಆಗಲಿ ಎಂದರು.

ಹೀಗೆ ನನ್ನ ಕೆಂಪು ಪೆನ್ನು ಮೇಜಿನ ಆಚೆ ಬದಿಗೆ ಹೋಯಿತು. ಮೊದಲ ಎರಡು ದಿನ ನಾನು ಗಟ್ಟಿಯಾಗಿ ಓದುವಾಗ ನಾಲಿಗೆ ತೊಡರುತ್ತಿತ್ತು. ಕಣ್ಣು ಒಂದು ಕಾಣುತ್ತದೆ, ತಲೆ ಇನ್ನೊಂದು ಹೇಳು ಅನ್ನುತ್ತದೆ. ಫಾದರ್ ಕೈ ಯಾಕೆ ಇಪ್ಪತ್ತೆರಡು ಬರೆಯಿತು ಎನ್ನುವುದು ಆವಾಗ ಅರ್ಥವಾಯಿತು.

ಕೊನೆಯ ಫಾರ್ಮಿನಲ್ಲಿ ಯೆಹೂದದ ಇನ್ನೊಬ್ಬ ಅರಸ ಬಂದ. ಎಡಗಡೆ ಅವನು ಹದಿನೆಂಟಕ್ಕೆ ಪಟ್ಟವೇರಿ ಮೂರು ತಿಂಗಳು ಆಳಿ, ದೇವರ ಕಣ್ಣಿಗೆ ಕೆಟ್ಟದ್ದನ್ನು ಮಾಡಿದ. ಬಲಗಡೆಯೂ ಅದೇ ಕೆಟ್ಟದ್ದನ್ನು ಮಾಡಿದ, ಆದರೆ ವಯಸ್ಸು ಎಂಟು. ಎಂಟು ವರ್ಷದ ಮಗು ಎಂಥ ಕೆಟ್ಟದ್ದು ಮಾಡೀತು ಎಂದು ತಲೆ ತಕರಾರು ತೆಗೆಯಿತು. ಅರೆಗಳಿಗೆ ತಡೆದೆ. ಆಮೇಲೆ “ಎಂಟು” ಎಂದು ಇದ್ದದ್ದನ್ನೇ ಓದಿದೆ.

ತಡೆದದ್ದು ಆಕೆಗೆ ಗೊತ್ತಾಯಿತು. ಪೆನ್ನು ಕೆಳಗಿಟ್ಟು, ಎದ್ದು, ಮೇಜು ಸುತ್ತಿ ನನ್ನ ಹಿಂದೆ ಬಂದು ನಿಂತಳು. ನೋಟುಪುಸ್ತಕದ ಮೇಲೆ ಬಾಗಿ, ಅಂಕಿಯ ಅಡಿಗೆ ಬೆರಳಿಟ್ಟು ನೋಡಿದಳು. ಎಂಟೇ ಇತ್ತು. ವಾಪಸು ಹೋಗಿ ಕೂತು, ಪೆನ್ನು ಎತ್ತಿಕೊಂಡು, ಮುಂದೆ ಓದಿ ಎಂದಳು.

ಆ ಪುಸ್ತಕ ಮುಗಿದ ಮೇಲೂ ಮೂರು ವರ್ಷ ನಾವು ಹಾಗೇ ಎದುರು ಬದುರು ಕೂತೆವು. ಅಂಕಿ ಬಂದಾಗಲೆಲ್ಲ ಆಕೆ ಎದ್ದು ಬಂದು ನೋಡಿದಳು. ನಾನು ಒಂದು ದಿನವೂ ಬೇಡ ಅನ್ನಲಿಲ್ಲ. ನೋಟುಪುಸ್ತಕವನ್ನು ಆಕೆಗೆ ಕಾಣುವ ಹಾಗೆ ಸ್ವಲ್ಪ ತಿರುಗಿಸಿ ಹಿಡಿದು, ಆಕೆ ನೋಡಿ ಮುಗಿಸುವವರೆಗೆ ಸುಮ್ಮನೆ ಕೂರುತ್ತಿದ್ದೆ.